ಹುಡುಗನಿಗೇನಾದರೂ ಚಟವಿದೆಯೇ?

ಮಗಳಿಗೆ ಗಂಡು ನೋಡುವಾಗ ನಾವೆಲ್ಲ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: ‘ಹುಡುಗನಿಗೆ ಚಟಗಿಟ ಏನೂ ಇಲ್ಲ ತಾನೆ?’ ಪಕ್ಕದ ಮನೆಯವರನ್ನು ಕೇಳುತ್ತೇವೆ, ಬೀದಿ ಕೊನೆಯ ಅಂಗಡಿಯವನನ್ನು ಕೇಳುತ್ತೇವೆ. ಹುಡುಗನನ್ನು ಮಾತ್ರ ಕೇಳುವುದಿಲ್ಲ. ಕೇಳಿದರೂ ಅವನು ನಿಜ ಹೇಳುತ್ತಾನೆಂಬ ನಂಬಿಕೆ ಯಾರಿಗಿದೆ!

ಅಮೆರಿಕದ ಸರ್ಕಾರವೂ ಇಂಥದೇ ವಿಚಾರಣೆ ಮಾಡುತ್ತದೆ. ದೇಶದ ಗುಟ್ಟಿನ ಕಾಗದಪತ್ರ ನೋಡಬೇಕಾದ ಕೆಲಸಕ್ಕೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಬೇಕು. ತನಿಖೆಯವರು ನೆರೆಹೊರೆಯವರನ್ನೂ ಹಳೆಯ ಸಹೋದ್ಯೋಗಿಗಳನ್ನೂ ಮಾತಾಡಿಸುತ್ತಾರೆ. ಆದರೆ ಮೊದಲು ಕೇಳುವುದು ಅವನನ್ನೇ. ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಎಸ್.ಎಫ್.-86 ಎಂಬ ನಮೂನೆ ನೂರು ಪುಟ ದಾಟುತ್ತದೆ. ಕಳೆದ 7 ವರ್ಷಗಳಲ್ಲಿ ಮಾದಕ ವಸ್ತು ಸೇವಿಸಿದ್ದುಂಟೇ, ಯಾವಾಗ, ಎಷ್ಟು ಸಲ, ಮುಂದೆಯೂ ಸೇವಿಸುವ ಉದ್ದೇಶವಿದೆಯೇ ಎಂದೆಲ್ಲ ಅದರಲ್ಲಿ ಪ್ರಶ್ನೆಗಳಿವೆ.

ನನ್ನ ದೊಡ್ಡಮ್ಮನ ಮಗಳು ಅಲ್ಲಿಯೇ ನೆಲೆಸಿದ್ದಾಳೆ. ಅವಳ ಮಗ ಅಲ್ಲೇ ಹುಟ್ಟಿದವನು, ಇಂಜಿನಿಯರು. ರಕ್ಷಣಾ ಇಲಾಖೆಗೆ ಸಂಬಂಧಿಸಿದ ಕೆಲಸವೊಂದಕ್ಕೆ ಈ ನಮೂನೆ ತುಂಬಬೇಕಾಗಿ ಬಂತು. ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ನಾಲ್ಕಾರು ಸಲ ಗಾಂಜಾ ಸೇದಿದ್ದನಂತೆ. ಅಕ್ಕ ಫೋನಿನಲ್ಲಿ ಗೋಗರೆದಳು: ‘ನೀನು ಟೀಚರು, ನಿನ್ನ ಮಾತು ಕೇಳ್ತಾನೆ. ಅದನ್ನೆಲ್ಲ ಬರೀಬೇಡ ಅಂತ ಹೇಳೇ. ಯಾರಿಗೆ ಗೊತ್ತಾಗತ್ತೆ?’

ಅವಳ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಅಲ್ಲಿನ ನಿಯಮಗಳನ್ನು ಕೇಳಿ ತಿಳಿದಷ್ಟೂ, ಅವಳು ಹೆದರಬೇಕಾದ ಕಡೆ ಬಿಟ್ಟು ಇನ್ನೊಂದು ಕಡೆ ಹೆದರುತ್ತಿದ್ದಾಳೆ ಅನ್ನಿಸಿತು. ಈಗಲೂ ಸೇದುತ್ತಿರುವವನಿಗೆ ಅನುಮತಿ ಕೊಡಬಾರದೆಂದು 2008ರಲ್ಲೇ ಕಾನೂನಾಗಿದೆ. ಹಿಂದೆ ಸೇದಿ ಬಿಟ್ಟವನ ವಿಷಯ ಬೇರೆ. 2017ರಿಂದ ಜಾರಿಯಲ್ಲಿರುವ ಸೂತ್ರಗಳ ಪ್ರಕಾರ ಅದು ಎಷ್ಟು ಹಿಂದಿನದು, ಎಷ್ಟು ಸಲ, ಆ ಸಹವಾಸ ಬಿಟ್ಟಿದ್ದಾನೆಯೇ, ಇನ್ನು ಮುಟ್ಟುವುದಿಲ್ಲವೆಂದು ಬರೆದು ಸಹಿ ಹಾಕುತ್ತಾನೆಯೇ ಎಂಬುದನ್ನೆಲ್ಲ ತೂಗಿ ನೋಡುತ್ತಾರೆ. ಹಿಂದಿನ ಗಾಂಜಾ ಸೇವನೆಯೊಂದೇ ನಿರ್ಣಾಯಕವಾಗಬಾರದೆಂದು ಆಗಿನ ಗುಪ್ತಚರ ನಿರ್ದೇಶಕಿ ಆವ್ರಿಲ್ ಹೇನ್ಸ್ 2021ರಲ್ಲಿ ತಿಳಿಸಿದರು. ಇಡೀ ಮನುಷ್ಯನನ್ನು ನೋಡಬೇಕು ಎಂಬುದು ಅವರ ತತ್ವ. ಗಂಡು ನೋಡಲು ಹೋದಾಗ ನಾವು ಇಷ್ಟು ತಾಳ್ಮೆ ತೋರಿಸುತ್ತೇವೆಯೇ? ನವಕೋಟಿ ನಾರಾಯಣನೆಂಬ ಜಿಪುಣ ಪುರಂದರದಾಸರಾದ ಕಥೆಗೆ ಕೈಮುಗಿಯುತ್ತೇವೆ, ಆದರೆ ಬೀಗರ ಮನೆಯ ಹುಡುಗ ಬದಲಾಗಿದ್ದಾನೆಂದರೆ ನಂಬುವುದಿಲ್ಲ.

ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಅದು ಬೇರೆಯೇ ಅಪರಾಧ. ಸುಳ್ಳು ಹೇಳಿಕೆಗೆ 5 ವರ್ಷದವರೆಗೆ ಸೆರೆಯಾಗಬಹುದು. ಅದರ ಹಿಂದಿನ ತರ್ಕ ಸರಳ. ಮುಚ್ಚಿಟ್ಟ ಗುಟ್ಟು ಇನ್ನೊಬ್ಬನ ಕೈಗೆ ಸಿಕ್ಕರೆ, ಅವನು ಕುಣಿಸಿದಂತೆ ಇವನು ಕುಣಿಯಬೇಕು. ತಾನೇ ಬರೆದುಕೊಟ್ಟವನನ್ನು ಯಾರು ಹೆದರಿಸಿಯಾರು?

ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. 2012ರಲ್ಲಿ ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳ ಜನ ಮತ ಹಾಕಿ ಗಾಂಜಾಕ್ಕೆ ಅನುಮತಿ ಕೊಟ್ಟರು. ಮುಂದೆ ಇನ್ನೂ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ರಾಜ್ಯ ಒಪ್ಪಿದ ಅಂಗಡಿಯಲ್ಲಿ ರಸೀದಿ ಪಡೆದು ಕೊಂಡದ್ದನ್ನೂ ಕೇಂದ್ರದ ನಮೂನೆಯಲ್ಲಿ ತಪ್ಪೆಂದು ಬರೆಯಬೇಕು. ಸುಳ್ಳು ಬರೆದು ಸಿಕ್ಕಿಬೀಳದವನು ಸಲೀಸಾಗಿ ದಾಟಿಹೋಗುತ್ತಾನೆ, ನಿಜ ಬರೆದವನು ವಿವರಣೆ ಕೊಡುತ್ತಾ ಕೂರಬೇಕು. ಇದು ಯಾವ ನ್ಯಾಯ?

‘ನಿಜ ಹೇಳು, ಹೊಡೆಯೋದಿಲ್ಲ’ ಎಂದು ಶಾಲೆಯಲ್ಲೂ ಮನೆಯಲ್ಲೂ ಹೇಳುತ್ತೇವಲ್ಲ, ಆ ನಮೂನೆಯಲ್ಲೂ ಅಂಥದೊಂದು ಮಾತಿದೆ: ಈ ಪ್ರಶ್ನೆಗಳಿಗೆ ಕೊಟ್ಟ ನಿಜವಾದ ಉತ್ತರವನ್ನು ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಳಸುವುದಿಲ್ಲ ಎಂದು. ಕೆಲಸ ಕೊಟ್ಟೇ ಕೊಡುತ್ತೇವೆಂಬ ಮಾತು ಅದರಲ್ಲಿಲ್ಲ. ಅಕ್ಕನಿಗೆ ಈ ಎರಡನ್ನೂ ಬಿಡಿಸಿ ಹೇಳಿದೆ. ಬರೆಯಬೇಡವೆಂದು ಅವನಿಗೆ ಹೇಳಲಾರೆ ಎಂದೆ.

ಅವನು ತಿಂಗಳು, ವರ್ಷ ಸಮೇತ ಎಲ್ಲವನ್ನೂ ಬರೆದು ಕಳಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಅಕ್ಕನ ಫೋನೂ ಬಂದಿಲ್ಲ.