ಎರಡು ಅಮಾವಾಸ್ಯೆಗಳ ದೀಪ

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ದೀಪಾವಳಿ ಎಂದರೆ ಬಲೀಂದ್ರನ ಹಬ್ಬ. ಹಿಂದಿನ ರಾತ್ರಿ ಹಂಡೆಗೆ ನೀರು ತುಂಬಿಸಿ, ಚತುರ್ದಶಿಯ ಮುಂಜಾನೆ ಎಣ್ಣೆಸ್ನಾನ. ಆಮೇಲೆ ಅಂಗಳದಲ್ಲಿ ಮರ ನೆಟ್ಟು, ಕಾಡುಹೂವಿನಿಂದ ಸಿಂಗರಿಸಿ, ಗದ್ದೆಗೂ ದೀಪ ಒಯ್ದು 'ಕೂ' ಎಂದು ಕೂಗಿ ಬಲಿಯನ್ನು ಕರೆಯುವ ಕ್ರಮ ಉಂಟು.

ವಾಮನನ ಮೂರನೆಯ ಹೆಜ್ಜೆಗೆ ತನ್ನ ತಲೆಯನ್ನೇ ಒಡ್ಡಿದವನು ಬಲಿ. ರಾಜ್ಯ ಹೋಯಿತು, ಮಾತು ಉಳಿಯಿತು. ವರ್ಷಕ್ಕೊಮ್ಮೆ ಬಂದು ತನ್ನ ಪ್ರಜೆಗಳನ್ನು ನೋಡುವ ವರವೂ ಸಿಕ್ಕಿತು. ಹಾಗೆ ಬಂದವನಿಗೆ ಮನೆ ಕತ್ತಲಾಗಿ ಕಾಣಬಾರದಲ್ಲವೇ?

ದೀಪಾವಳಿಯ ಮುಂದಿನ ಅಮಾವಾಸ್ಯೆಗೆ ಶ್ರೀ ಕ್ಷೇತ್ರ ಕುಕ್ಕೆಯಲ್ಲಿ ಲಕ್ಷದೀಪೋತ್ಸವ. ಅಲ್ಲಿಂದ ಆರನೇ ದಿನಕ್ಕೆ ಚಂಪಾಷಷ್ಠಿಯ ಬ್ರಹ್ಮರಥ.

ಸುಳ್ಯ ಕಡೆಯ ಒಬ್ಬ ಮಗ ಬೆಂಗಳೂರಿನಲ್ಲಿದ್ದ. ದೀಪಾವಳಿಗೆ ಮನೆಗೆ ಬರಲಿಲ್ಲ. ಲಕ್ಷದೀಪಕ್ಕೆ ಮಾತ್ರ ಕಾರು ಮಾಡಿಕೊಂಡು ನೇರ ಕುಕ್ಕೆಗೆ ಬಂದ. ದೇವರ ದರ್ಶನವಾದ ಮೇಲೆ ತಾಯಿಗೆ ಫೋನು ಮಾಡಿ, "ಅಮ್ಮಾ, ಎಲ್ಲಿ ನೋಡಿದರೂ ದೀಪ. ಕಣ್ಣು ತುಂಬಿತು" ಎಂದ.

"ಒಳ್ಳೇದಾಯ್ತು ಮಗಾ. ಈ ಸಲ ನಮ್ಮ ಗದ್ದೆಗೆ ದೀಪ ಒಯ್ಯಲಿಕ್ಕೆ ಜನ ಇರ್ಲಿಲ್ಲ. ಬಲೀಂದ್ರನನ್ನು ಜಗಲಿಯಿಂದಲೇ ಕರೆದೆ" ಎಂದರು ತಾಯಿ. ದೂರಿನ ಮಾತಲ್ಲ, ಇದ್ದದ್ದನ್ನು ಹೇಳಿದ್ದು. ಆ ರಾತ್ರಿಯೇ ಮಗ ಕಾರನ್ನು ಮನೆಯ ಕಡೆ ತಿರುಗಿಸಿದ.

ಕ್ಷೇತ್ರದ ಲಕ್ಷದೀಪಕ್ಕೆ ಎಣ್ಣೆ ಎರೆಯುವ ಕೈಗಳು ಸಾವಿರ ಉಂಟು. ಮನೆಯಂಗಳದ ಹಣತೆಗೆ ಮನೆಯವರದೇ ಕೈ ಬೇಕು. ಮೊದಲ ಅಮಾವಾಸ್ಯೆಯ ದೀಪ ಹೆತ್ತವರ ಜೊತೆಗೆ, ಎರಡನೆಯದು ದೇವರ ಸನ್ನಿಧಿಯಲ್ಲಿ. ಎರಡೂ ಬೆಳಗಿದರೆ ಯಾತ್ರೆ ಪೂರ್ಣವಾದಂತೆ.

ಶ್ರೀ ಸುಬ್ರಹ್ಮಣ್ಯನು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.