ದೈವ, ಪುರುಷಕಾರ ಮತ್ತು ಡಿಸ್ಕ್ ಬ್ರೇಕ್

ಅವಘಡದಲ್ಲಿ ವಿಧಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದು ಧರ್ಮಶಾಸ್ತ್ರದ ಹಳೆಯ ಪ್ರಶ್ನೆ. ಒಂದೇ ಚಕ್ರದ ಮೇಲೆ ರಥ ಓಡದು, ಹಾಗೆಯೇ ಪುರುಷಕಾರವಿಲ್ಲದೆ, ಅಂದರೆ ಮನುಷ್ಯಪ್ರಯತ್ನವಿಲ್ಲದೆ, ದೈವ ಫಲಿಸದು ಎಂಬುದು ಯಾಜ್ಞವಲ್ಕ್ಯ ಸ್ಮೃತಿಯ ನಿಲುವು. ಮುಂಬಯಿಯಲ್ಲಿ ಈ ಪ್ರಶ್ನೆ ಪ್ರತಿ ದಸರೆಗೂ ಬೀದಿಗಿಳಿಯುತ್ತದೆ. ರಿಕ್ಷಾ, ಬೈಕುಗಳಿಗೆ ಚೆಂಡುಹೂವಿನ ಮಾಲೆ ಬೀಳುತ್ತದೆ. ಲೋಕಲ್ ರೈಲಿನ ಡಬ್ಬಿಗಳನ್ನೂ ಪ್ರಯಾಣಿಕರೇ ಸಿಂಗರಿಸಿ ಪೂಜಿಸುತ್ತಾರೆ.

ಬೈಕಿನ ಡಿಸ್ಕ್ ಬ್ರೇಕಿನಲ್ಲಿ ಪುರುಷಕಾರದ ಪಾಲನ್ನು ಸ್ಪಷ್ಟವಾಗಿ ಗುರುತಿಸಬಹುದು. ಲಿವರ್ ಹಿಡಿದಾಗ ಕೊಳವೆಯಲ್ಲಿನ ದ್ರವದ ಒತ್ತಡ ಕ್ಯಾಲಿಪರಿನ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡುಗಳು ಡಿಸ್ಕನ್ನು ಕಚ್ಚುತ್ತವೆ, ವೇಗ ಬಿಸಿಯಾಗಿ ಕಳೆಯುತ್ತದೆ. ಬಿಟ್ಟಾಗ ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ತಾನಾಗಿಯೇ ಮುಂದೆ ಬರುವುದರಿಂದ ದಿನನಿತ್ಯದ ಹೊಂದಾಣಿಕೆ ಬೇಕಿಲ್ಲ.

ಆದರೆ ಹೊಸ ಪ್ಯಾಡ್ ಕೂಡಿಸಿದ ಗಳಿಗೆಯಲ್ಲಿ ಈ ಹೊಂದಾಣಿಕೆ ತಾನಾಗಿ ಆಗದು. ಕೂಡಿಸಲು ಪಿಸ್ಟನ್ನನ್ನು ಒಳಗೆ ಒತ್ತಿರುತ್ತಾರೆ. ಮೊದಲ ಹಿಡಿತಕ್ಕೆ ಲಿವರ್ ಹ್ಯಾಂಡಲಿನವರೆಗೂ ಬಂದು ಬ್ರೇಕ್ ಹಿಡಿಯದಿರಬಹುದು. ಬೈಕು ಕದಲಿಸುವ ಮುನ್ನವೇ ಲಿವರ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು. ಮೆತ್ತಗೇ ಉಳಿದರೆ ಒಳಗೆ ಗಾಳಿ ಸೇರಿರಬಹುದು, ಅದನ್ನು ಹೊರಹಾಕಬೇಕು. ದ್ರವದ ಮಟ್ಟ ಎರಡು ಗುರುತುಗಳ ನಡುವೆ ಇರಬೇಕು, ಎತ್ತಿದ ಚಕ್ರ ಸಲೀಸಾಗಿ ತಿರುಗಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಹಲವು ಸಲ ಹದವಾಗಿ ವೇಗ ತಗ್ಗಿಸಿ, ನಡುವೆ ಆರಲು ಬಿಟ್ಟು, ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು. ಅಂಧೇರಿ–ಕುರ್ಲಾ ರಸ್ತೆಯಲ್ಲಿ ಇದಕ್ಕೆ ಬೆಳಗಿನ ಜಾವವೇ ಗತಿ.

ಭಕ್ತಿ ಮತ್ತು ಬ್ರೇಕು ನೇರವಾಗಿ ಎದುರಾಗುವುದು ಕುಂಕುಮದಲ್ಲಿ. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಡಿಸ್ಕಿಗೆ ಬಳಿದರೆ ಎಣ್ಣೆ ಪ್ಯಾಡಿಗಿಳಿದು ಹಿಡಿತವೇ ಹೋಗುತ್ತದೆ. ತಿಲಕ ಪೆಟ್ರೋಲ್ ಟ್ಯಾಂಕಿಗಿರಲಿ, ದೇವರೇನೂ ಮುನಿಯಲಾರ. ಪೂಜೆ ವ್ಯರ್ಥವೆಂದು ಇದರರ್ಥವಲ್ಲ. ಆಯುಧಪೂಜೆಯಲ್ಲಿ ಆಯುಧವನ್ನು ಮೊದಲು ತೊಳೆದು ಒರೆಸುತ್ತಾರೆ. ಸವೆದ ಪ್ಯಾಡ್, ಸೋರುವ ಕೊಳವೆ ಕಣ್ಣಿಗೆ ಬೀಳುವುದು ಆಗಲೇ.

ತಿರುವಿನಲ್ಲಿ ಯಾರೋ ಚೆಲ್ಲಿದ ಡೀಸೆಲ್, ಬಸ್ಸಿನ ಮರೆಯಿಂದ ಓಡಿಬರುವ ಮಗು: ಇವು ಸವಾರನ ಕೈಮೀರಿದವು, ದೈವದ ಪಾಲು. ಮಳೆಗೆ ನೆನೆದ ಡಿಸ್ಕ್ ಮೊದಲ ಹಿಡಿತಕ್ಕೆ ಜಾರುವುದು ಜೂನಿನಿಂದ ಸೆಪ್ಟೆಂಬರಿನವರೆಗೆ ನಿರೀಕ್ಷಿತವೇ. ಅದನ್ನು ವಿಧಿಯ ಲೆಕ್ಕಕ್ಕೆ ಬರೆಯಲಾಗದು. ಮೆಕ್ಯಾನಿಕ್ ಹೊಸ ಪ್ಯಾಡ್ ಕೂಡಿಸಿದ ಮೇಲೆ ಸವಾರ ಲಿವರನ್ನು ಒಮ್ಮೆಯೂ ಒತ್ತಿ ನೋಡದೆ ಹೊರಟರೆ ಹೊಣೆ ಇಬ್ಬರದೂ ಹೌದು.