ಚೆಕ್ಕುಬಂದಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಗಾದೆಯಲ್ಲಿರುವುದು ಕಟ್ಟುವವನ ಕಷ್ಟ. ಪಕ್ಕದ ಮನೆಯವನ ಕಷ್ಟವನ್ನು ಅದು ಹೇಳಲಿಲ್ಲ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಗಾಳಿ ಬೆಳಕಿಗೆಂದೇ ಬೆಳೆದ ಬಡಾವಣೆಗಳು. ಅಲ್ಲಿ ಹಳೆಯ ಹೆಂಚಿನ ಮನೆಯೊಂದು ಹೋಗಿ ಅದೇ ಜಾಗದಲ್ಲಿ ನಾಲ್ಕಂತಸ್ತು ಎದ್ದಾಗ, ನೆರೆಯ ಅಡಿಗೆಮನೆಗೆ ಹಗಲಿನಲ್ಲೇ ದೀಪ ಬೇಕಾಗುತ್ತದೆ. "ನನ್ನ ನಿವೇಶನ, ನನ್ನ ಹಣ, ಕಾನೂನಿನಂತೆಯೇ ಕಟ್ಟಿದ್ದೇನೆ" ಎನ್ನುತ್ತಾನೆ ಒಡೆಯ. ಅವನ ಮಾತು ಸುಳ್ಳಲ್ಲ. ಹಾಗಾದರೆ ತಪ್ಪೆಲ್ಲಿದೆ?

ನಿಯಮ ಎಲ್ಲರಿಗೂ ಒಂದೇ ಆಗಿರಬೇಕೆಂಬುದು ನ್ಯಾಯದ ಮೊದಲ ಪಾಠ. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಮಹಾಯೋಜನೆ, ಎಷ್ಟು ಕಟ್ಟಬಹುದೆಂಬುದನ್ನು ಬಹುಮಟ್ಟಿಗೆ ನಿವೇಶನದ ಅಳತೆ, ರಸ್ತೆಯ ಅಗಲಗಳಿಂದಲೇ ತೀರ್ಮಾನಿಸಿತು. ಕೆರೆ ಕಾಲುವೆಗಳ ಬದಿಗೆ ಜಾಗ ಬಿಡಿರೆಂದೂ ಹೇಳಿತು. ಅಳೆಯುವುದಕ್ಕೇನೋ ಸುಲಭ. ಆದರೆ ನೆಲ ಎಲ್ಲ ಕಡೆಯೂ ಒಂದೇ ಅಲ್ಲ. ಈ ಊರು ಕೂತಿರುವುದು ದಿಣ್ಣೆಗಳ ಮೇಲೆ. ಬಿದ್ದ ಮಳೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಿಗೆ ಇಳಿಯುತ್ತದೆ. ದಿಣ್ಣೆಯ ಮೇಲೆ ನಿರಪಾಯವಾದ ನೆಲಮಾಳಿಗೆ ತಗ್ಗಿನಲ್ಲಿ ಬಾವಿಯಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಲಿನವರು ಈ ಪಾಠವನ್ನು ನೀರಿನಲ್ಲಿ ನಿಂತು ಕಲಿತರು. ಅಸಮವಾದ ನೆಲಕ್ಕೆ ಸಮವಾದ ನಿಯಮ ಹೊದಿಸಿದರೆ, ಸಮಾನತೆ ಉಳಿಯುವುದು ಕಾಗದದ ಮೇಲೆ ಮಾತ್ರ.

ಹಾಗೆಂದು ಬೀದಿಗೊಂದು ನಿಯಮವೆ? ಅದು ಶಿಫಾರಸಿಗೆ ಬಾಗಿಲಾಗದೆ? ಮೊದಲೇ ನೆಲೆಸಿದವರು ಹೊಸಬರನ್ನು ಹೊರಗಿಡುವ ಬೇಲಿಯಾಗದೆ? ಸಂಶಯ ಸರಿಯಾದುದೇ. ಅಜ್ಜ ಕಟ್ಟಿಸಿದ ಮನೆಯ ಜಾಗವೂ ಒಮ್ಮೆ ಯಾರದೋ ಹೊಲವಾಗಿತ್ತು. ನನ್ನ ಕಿಟಕಿಯ ಬೆಳಕಿಗಿಂತ ಮನೆಯಿಲ್ಲದವನ ತಲೆಯ ಮೇಲಿನ ಸೂರು ದೊಡ್ಡದು.

ಆದ್ದರಿಂದ ನಿಯಮ ಆಯಾ ನೆಲಕ್ಕೆ ತಕ್ಕುದಾಗಿರಲಿ. ಆದರೆ ಅರ್ಜಿ ಬಂದ ಮೇಲೆ ಒಬ್ಬನಿಗಾಗಿ ಹುಟ್ಟದೆ, ಮೊದಲೇ ಎಲ್ಲರೆದುರಿಗೆ ಹುಟ್ಟಲಿ. ಬಡಾವಣೆಯವರು 'ಬೇಡ' ಎಂದಷ್ಟೇ ಹೇಳದೆ, ಹೊಸ ಮನೆಗಳು ಎಲ್ಲಿ, ಎಷ್ಟು ಎಂದು ಹೇಳುವ ಹೊಣೆಯನ್ನೂ ಹೊರಲಿ. 1992ರ ಸಂವಿಧಾನ ತಿದ್ದುಪಡಿ 3 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ಅಲ್ಲಿ ಬಾಡಿಗೆಯವರ ಮಾತಿಗೂ ಎಡೆಯಿರಲಿ.

ಪ್ರತಿಯೊಂದು ಕ್ರಯಪತ್ರದಲ್ಲೂ ಚೆಕ್ಕುಬಂದಿ ಬರೆದಿರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ. ನೆರೆಯವರನ್ನು ಹೆಸರಿಸದೆ ನನ್ನ ನೆಲ ಯಾವುದೆಂದು ಹೇಳುವುದಕ್ಕೇ ಆಗದು. ಪತ್ರ ಬರೆಸುವಾಗ ನೆನಪಿದ್ದ ಈ ಮಾತು ಪಾಯ ತೋಡುವಾಗ ಮರೆತುಹೋಗುವುದೇಕೆ?